ಸಾಬೂನಿಗಾಗಿ ಸೊಪ್ಪು, ಹೂ ಒಣಗಿಸುವುದು: ಕಲಿಯುತ್ತಾ ಬರೆದುಕೊಂಡದ್ದು

ಸಾಬೂನು ಮಾಡಲು ಕಲಿಯುವವರಿಗೆಲ್ಲ ಒಮ್ಮೆ ಬರುವ ಯೋಚನೆ: ಕುಂಡದಲ್ಲಿ ಪುದೀನ ಸೊಂಪಾಗಿ ಬೆಳೆದಿದೆ, ಹಸಿಯಾಗಿಯೇ ಹಾಕಿದರೇನು? ಹಸಿ ಪುದೀನದ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರು. ಸಾರ ಇಳಿಯಲೆಂದು ಸೊಪ್ಪನ್ನು ನೆನೆಹಾಕಿದ ಎಣ್ಣೆಗೆ ಆ ನೀರಿಳಿದರೆ ಎಣ್ಣೆ ಕೆಡುತ್ತದೆ. ಬಿಲ್ಲೆಯೊಳಗೆ ಉಳಿದರೆ ಎಲೆಯ ಸುತ್ತ ಕಂದು ಕಲೆ ಹರಡಿ, ಕೊನೆಗೆ ಬೂಷ್ಟು ಹಿಡಿಯಬಹುದು. ಒಣಗಿಸುವುದು ಅದಕ್ಕೇ.

ಆದರೆ ಹೇಗೆ ಒಣಗಿಸಬೇಕು ಎಂಬುದಕ್ಕಿಂತ ಮೊದಲು ಯಾವುದನ್ನು ಒಣಗಿಸಬೇಕು ಎಂದು ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಳ್ಳಲಿಲ್ಲ. ಗುಲಾಬಿ ಎಸಳುಗಳನ್ನು ಬಣ್ಣ ಕೆಡದಂತೆ ವಾರಗಟ್ಟಲೆ ಕಾಪಾಡಿ ಸಾಬೂನಿಗೆ ಕಲಸಿದೆ. ಮರುದಿನ ಅಚ್ಚು ಬಿಚ್ಚಿದಾಗ ಇದ್ದದ್ದು ಚಹಾ ಚರಟದಂಥ ಚೂರುಗಳು. ಲ್ಯಾವೆಂಡರ್ ಮೊಗ್ಗಿನ ಪಾಡು ಇನ್ನೂ ಕಷ್ಟ: ಸಾಬೂನಿನಲ್ಲಿ ಅದು ಥೇಟ್ ಇಲಿ ಹಿಕ್ಕೆಯಂತೆ ಕಾಣುತ್ತದೆ.

ಕಾರಣ ಕಾಸ್ಟಿಕ್ ಸೋಡಾ. ಎಣ್ಣೆ ಮತ್ತು ಸೋಡಾ ಸೇರಿ ಸಾಬೂನಾಗುವ ಹೊತ್ತಿಗೆ ಆ ಮಿಶ್ರಣ ಅತಿ ತೀವ್ರ ಕ್ಷಾರ. ವಾರಗಟ್ಟಲೆ ಬಿಟ್ಟು ಹದಗೊಂಡ ಸಾಬೂನಿನ ಪಿಎಚ್ (ಆಮ್ಲ, ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಿದ್ದರೆ ಕ್ಷಾರ) ಕೂಡ 9ರಿಂದ 10ರ ಆಸುಪಾಸಿನಲ್ಲಿರುತ್ತದೆ. ಗುಲಾಬಿ, ದಾಸವಾಳಗಳ ಕೆಂಪಿಗೆ ಕಾರಣವಾದ ಆಂಥೋಸಯನಿನ್ ಕ್ಷಾರದಲ್ಲಿ ಹಸಿರಿಗೆ ತಿರುಗಿ, ಆಮೇಲೆ ಹಳದಿ ಕಂದಾಗುತ್ತದೆ. ಸೇವಂತಿಗೆಯಂತೆ ಕಾಣುವ ಕ್ಯಾಲೆಂಡುಲಾ ಹೂವಿನ ಹಳದಿ ಕ್ಯಾರೊಟಿನಾಯ್ಡು ಎಂಬ ಬೇರೆ ಬಣ್ಣದ್ರವ್ಯಗಳದ್ದು. ಅವು ಕ್ಷಾರಕ್ಕೆ ಸುಲಭವಾಗಿ ಸೋಲುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ ಕೂಡ. ಸಾಬೂನಿನೊಳಗೆ ಎಸಳಾಗಿಯೇ ಉಳಿಯುವ ಹೂವೆಂದು ಎಲ್ಲರೂ ಕ್ಯಾಲೆಂಡುಲಾವನ್ನು ಮೆಚ್ಚುವುದು ಇದರಿಂದಲೇ. ಎಲೆಯ ಹಸಿರು ಕೆಲಕಾಲ ನಿಲ್ಲುತ್ತದೆ, ಬೆಳಕಿಗಿಟ್ಟರೆ ಮಾಸುತ್ತದೆ. ಒಣ ಪುದೀನದ ಪರಿಮಳವನ್ನಂತೂ ನೆಚ್ಚಬೇಡಿ. ಸುವಾಸನೆ ಬೇಕಿದ್ದರೆ ಅದಕ್ಕೆ ಸುಗಂಧ ತೈಲವೇ ಬೇಕು.

ಕೊಯ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ ಕೊಯ್ಯಿರಿ. ಎಲೆಗಾಗಿ ಬೆಳೆದ ಗಿಡವಾದರೆ ಹೂ ಬಿಡುವ ಮೊದಲು, ಹೂವಾದರೆ ಪೂರ್ತಿ ಅರಳಿದಾಗ. ತೊಳೆಯಲೇಬೇಕಾದರೆ ಬಟ್ಟೆಯ ಮೇಲೆ ಹರವಿ ನೀರನ್ನು ಪೂರ್ತಿ ಆರಿಸಿ.

ರೋಸ್‌ಮೇರಿಯಂಥ ಗಟ್ಟಿ ಕಡ್ಡಿಯ ಗಿಡಗಳನ್ನು ಸಣ್ಣ ಕಟ್ಟು ಕಟ್ಟಿ, ನೆರಳಿರುವ, ಗಾಳಿಯಾಡುವ ಕಡೆ ತಲೆಕೆಳಗಾಗಿ ತೂಗುಹಾಕಿದರೆ ಸಾಕು. ಕಟ್ಟು ದಪ್ಪವಾದರೆ ನಡುವಿನ ಎಲೆಗಳು ಕಪ್ಪಾಗುತ್ತವೆ. ಪುದೀನ, ತುಳಸಿ ಎಲೆಗಳನ್ನು ಬಿಡಿಸಿ ಜಾಲರಿಯ ಮೇಲೆ ಒಂದೇ ಪದರವಾಗಿ ಹರಡುವುದು ಲೇಸು. ಹವೆಯಲ್ಲಿ ತೇವವಿದ್ದರೆ ಒಣಗಿಸುವ ಯಂತ್ರ ಬಳಸಿ, ಬಿಸಿ 35ರಿಂದ 45 ಡಿಗ್ರಿ ಸೆಲ್ಸಿಯಸ್ ಇರಲಿ. ನೇರ ಬಿಸಿಲು ಬೇಗ ಒಣಗಿಸುತ್ತದೆ ನಿಜ, ಬಣ್ಣವನ್ನೂ ಅಷ್ಟೇ ಬೇಗ ಕದಿಯುತ್ತದೆ.

ನಾನು ಎಡವಿದ್ದು ‘ಒಣಗಿತು’ ಎಂದು ತೀರ್ಮಾನಿಸುವ ಹಂತದಲ್ಲಿ. ಇಡೀ ಕ್ಯಾಲೆಂಡುಲಾ ಹೂಗಳನ್ನು ಐದು ದಿನ ಹರಡಿದ್ದೆ. ಎಸಳು ಮುಟ್ಟಿದರೆ ಸರಸರ ಸದ್ದು. ಸಂತೋಷದಿಂದ ಗಾಜಿನ ಭರಣಿಗೆ ತುಂಬಿಸಿದೆ. ಹತ್ತನೆಯ ದಿನ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಒಂದು ಹೂವನ್ನು ಮಗುಚಿ ನೋಡಿದರೆ ಎಸಳ ಬುಡದಲ್ಲಿ ಬೂದು ನಾರು. ಆ ಹೂವಿನ ನಡುವೆ ಹಸಿರು ಗುಬುಟೊಂದಿದೆ. ಎಸಳು ಒಣಗಿ ದಿನಗಳಾದರೂ ಅದು ಒಳಗೊಳಗೇ ತೇವ ಹಿಡಿದಿಟ್ಟುಕೊಳ್ಳುತ್ತದೆ. ಈಗ ಗುಬುಟನ್ನು ಉಗುರಿನಿಂದ ಒತ್ತಿ ನೋಡುತ್ತೇನೆ. ಕಲ್ಲಿನಂತೆ ಗಟ್ಟಿಯಿದ್ದರೆ ಸರಿ, ಉಗುರು ಇಳಿದರೆ ಮತ್ತೆ ಜಾಲರಿಗೆ. ಎಲೆಯಾದರೆ ಹಿಸುಕಿದಾಗ ಪುಡಿಯಾಗಬೇಕು, ಕಡ್ಡಿ ಬಾಗದೆ ಲಟಕ್ಕೆಂದು ಮುರಿಯಬೇಕು. ತಕ್ಕಡಿ ಇದ್ದವರಿಗೆ ಇನ್ನೂ ನೆಮ್ಮದಿ: ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಒಣಗಿದೆ ಎಂದೇ ಅರ್ಥ. ಅಷ್ಟಾದರೂ ಭರಣಿಗೆ ಹಾಕಿದ ಮೊದಲ ವಾರ ದಿನಕ್ಕೊಮ್ಮೆ ಒಳಗೋಡೆಯನ್ನು ನೋಡಿ. ಮಂಜು ಕಟ್ಟಿದ್ದರೆ ಎಲ್ಲವನ್ನೂ ಹೊರಗೆ ಸುರಿಯಿರಿ.

ಬಳಸಲು ನನಗೆ ಹಿಡಿಸಿದ ದಾರಿ ಎಣ್ಣೆಯಲ್ಲಿ ನೆನೆಹಾಕುವುದು. ಒಣ ಹೂ ಮುಳುಗುವಷ್ಟು ಆಲಿವ್ ಎಣ್ಣೆ ಸುರಿದು, ನಾಲ್ಕರಿಂದ ಆರು ವಾರ ಬಿಟ್ಟು ಸೋಸುತ್ತೇನೆ. ಹೂ ಒಂದಿಷ್ಟು ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಸಾಬೂನಿಗೆ ಬೇಕಾದುದಕ್ಕಿಂತ ತುಸು ಹೆಚ್ಚೇ ಇಡಬೇಕು, ಸೋಸಿದ ಮೇಲೆ ಮತ್ತೆ ತೂಗಬೇಕು. ಎಣ್ಣೆಯ ತೂಕಕ್ಕೆ ತಕ್ಕಂತೆ ಹಾಕುವ ಸೋಡಾದ ಲೆಕ್ಕ ಮಾಮೂಲಿ ಆಲಿವ್ ಎಣ್ಣೆಯದೇ, ಬದಲಾಗುವುದಿಲ್ಲ. ಒಣಗಿದ್ದನ್ನು ಪುಡಿ ಮಾಡಿ ಹಾಕುವುದಾದರೆ ಅರ್ಧ ಕಿಲೋ ಎಣ್ಣೆಗೆ ಒಂದು ಟೀ ಚಮಚದಿಂದ ಆರಂಭಿಸಿ. ನುಣ್ಣಗೆ ಜರಡಿ ಹಿಡಿಯದಿದ್ದರೆ ಮೈ ಗೀರುತ್ತದೆ.

ಗುಲಾಬಿ ಎಸಳು ಕಣ್ಣಿಗೆ ಬೇಕೇ ಬೇಕೆನ್ನುವವರು ಸಾಬೂನನ್ನು ನಾಲ್ಕರಿಂದ ಆರು ವಾರ ಹದಕ್ಕೆ ಬಿಟ್ಟು, ಕಾಗದದಲ್ಲಿ ಸುತ್ತುವಾಗ ಮೇಲೊಂದು ಎಸಳನ್ನು ಇಡಲಿ. ನಾನೀಗ ಮಾಡುವುದೂ ಅದನ್ನೇ.