ಕಾಲೇಜಿಗೆ ಅಷ್ಟು ದೊಡ್ಡ ಕಾರಿಡಾರ್ ಯಾಕೆ?

ಪ್ರಶ್ನೆ: ಬನ್ನೇರುಘಟ್ಟ ರಸ್ತೆಯ ಐಐಎಂಗೆ ಒಮ್ಮೆ ಹೋಗಿದ್ದೆ. ತರಗತಿಗಳಿಗಿಂತ ಓಡಾಡುವ ಜಾಗವೇ ಜಾಸ್ತಿ ಅನ್ನಿಸಿತು. ಮಹಡಿಗಟ್ಟಲೆ ಎತ್ತರ, ಕೆಲವೆಡೆ ಸೂರೂ ಇಲ್ಲ. ಇದು ದುಂದಲ್ಲವೇ?

ಉತ್ತರ: ದುಂದು ಅನ್ನಿಸಿದ ಆ ಜಾಗವೇ ಇಡೀ ನಕ್ಷೆಯ ಬೆನ್ನೆಲುಬು. ಕ್ಯಾಂಪಸ್ಸಿನ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ. 2018ರಲ್ಲಿ, ವಾಸ್ತುಶಿಲ್ಪದ ನೊಬೆಲ್ ಎನ್ನುವ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ. ಪಾಠ ತರಗತಿಯಲ್ಲಿ ಮುಗಿಯುವುದಿಲ್ಲ, ಹೊರಗೆ ಬಂದ ಮೇಲೂ ವಾದ ನಡೆಯುತ್ತಿರುತ್ತದೆ. ಅದಕ್ಕೊಂದು ಜಾಗ ಬೇಕು ಎಂಬುದು ಅವರ ಲೆಕ್ಕ. ಹಾಗಾಗಿ ಕಾರಿಡಾರ್ ಒಂದೇ ಅಳತೆಯಲ್ಲಿ ಸಾಗುವುದಿಲ್ಲ. ಇಲ್ಲಿ ಕಿರಿದು, ಅಲ್ಲಿ ಅಗಲ, ಮುಂದೆ ಒಂದು ಅಂಗಳ. ನಾಲ್ಕು ಜನ ನಿಂತು ಮಾತಾಡಿದರೂ ದಾರಿಗೆ ಅಡ್ಡವಿಲ್ಲ. ನಮ್ಮ ಹಳೆಯ ಮನೆಗಳ ಜಗುಲಿಯೂ ಇದೇ ಕೆಲಸ ಮಾಡುತ್ತಿತ್ತಲ್ಲ! ದೋಶಿಯವರ ಕಣ್ಣಮುಂದೆ ಇದ್ದದ್ದು ಮಾತ್ರ ಅಕ್ಬರ್ ಕಟ್ಟಿಸಿದ ಫತೇಪುರ್ ಸಿಕ್ರಿಯ ಅಂಗಳಗಳು.

ಸೂರಿಲ್ಲದ್ದಕ್ಕೆ ಕಾರಣ ಬೆಂಗಳೂರಿನ ಹವೆ. ಅಹಮದಾಬಾದಿನ ಐಐಎಂ ಕಟ್ಟಲು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರನ್ನು ಕರೆತಂದವರಲ್ಲಿ ದೋಶಿಯೂ ಒಬ್ಬರು. ಅಲ್ಲಿಯ ಬಿಸಿಲಿಗೆ ಕಾನ್ ದಪ್ಪ ಇಟ್ಟಿಗೆ ಗೋಡೆ, ಆಳವಾದ ನೆರಳು ಕೊಟ್ಟರು. ಅದನ್ನೇ ತಂದು ಇಲ್ಲಿಟ್ಟಿದ್ದರೆ ಬೆಂಗಳೂರಿನ ಗಾಳಿ, ಮರಗಿಡಗಳನ್ನು ಹೊರಗಿಟ್ಟಂತಾಗುತ್ತಿತ್ತು. ಅದರ ಬದಲು ದೋಶಿ ಕೆಲವೆಡೆ ಪೂರ್ತಿ ಸೂರು ಹಾಕಿದರು, ಕೆಲವೆಡೆ ಬರೀ ಕಾಂಕ್ರೀಟ್ ತೊಲೆಗಳ ಸಾಲು, ಕೆಲವೆಡೆ ಏನೂ ಇಲ್ಲ. ತೊಲೆಗಳ ನಡುವೆ ಬಿಸಿಲು ಪಟ್ಟೆಪಟ್ಟೆಯಾಗಿ ನೆಲಕ್ಕಿಳಿಯುತ್ತದೆ, ಬಳ್ಳಿಗಳು ಹಬ್ಬುತ್ತವೆ.

ಇನ್ನು ಖರ್ಚಿನ ಮಾತು. ಗೋಡೆ ನಮ್ಮ ಬೂದು ಗ್ರಾನೈಟಿನದು, ಒರಟಾಗಿಯೇ ಬಿಟ್ಟದ್ದು. ಆ ಕಲ್ಲಿಗೆ ಗಾರೆಯೂ ಬೇಡ, ವರ್ಷವರ್ಷ ಬಣ್ಣವೂ ಬೇಡ. ನಮ್ಮ ಎಷ್ಟೋ ಕಾಲೇಜುಗಳನ್ನು ನೋಡಿ: ಎರಡೂ ಬದಿ ಕೋಣೆ, ನಡುವೆ ಓಣಿಯಂಥ ದಾರಿ, ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್. ಚದರಡಿ ಉಳಿಸಿದೆವು ಅನ್ನುತ್ತಾರೆ, ಕರೆಂಟ್ ಬಿಲ್ಲಿನ ಸುದ್ದಿ ಎತ್ತುವುದಿಲ್ಲ.

ತೊಂದರೆಯೇ ಇಲ್ಲ ಅಂತಲ್ಲ. ಗಾಳಿ ಜೊತೆ ಜೋರು ಮಳೆ ಬಂದರೆ ತೊಲೆಗಳ ಸಾಲು ತಲೆ ಕಾಯುವುದಿಲ್ಲ. ಸೂರಿರುವ ಬದಿಗೆ ಓಡಲೇಬೇಕು.