ಕೆಲ್ಲಿ ಕ್ಲಾರ್ಕ್‌ಸನ್‌ರನ್ನು ಸೋಲಿಸಿದ ಪ್ಲಂಬರ್ ಎಲ್ಲಿ ಹೋದರು?

ಅಮೆರಿಕದ ಹಾಡುಗಾರ್ತಿ ಕೆಲ್ಲಿ ಕ್ಲಾರ್ಕ್‌ಸನ್ ಹೆಸರು ಕೇಳಿರುತ್ತೀರಿ. ಅವರನ್ನು ಎರಡನೇ ಸ್ಥಾನಕ್ಕೆ ಇಳಿಸಿದವರ ಹೆಸರು? ಕರ್ಟ್ ನಿಲ್ಸನ್. ನಾರ್ವೆಯಲ್ಲಿ ಮಳೆಗೆ ಹೆಸರಾದ ಬರ್ಗನ್ ಊರಿನವರು, ಕಸುಬಿನಲ್ಲಿ ಪ್ಲಂಬರ್. 'ವರ್ಲ್ಡ್ ಐಡಲ್' ಗೆದ್ದ ಮನುಷ್ಯ ಆಮೇಲೆ ಎಲ್ಲಿ ಕಾಣೆಯಾದರು ಅಂತ ಈಗಲೂ ಕೇಳುವವರಿದ್ದಾರೆ. ನಾರ್ವೆಯವರಿಗೆ ಈ ಪ್ರಶ್ನೆಯೇ ವಿಚಿತ್ರ. ಅವರ ಪಾಲಿಗೆ ಕರ್ಟ್ ಎಲ್ಲೂ ಹೋಗೇ ಇಲ್ಲ.

2001ರಲ್ಲಿ ಬ್ರಿಟನ್ನಿನಲ್ಲಿ 'ಪಾಪ್ ಐಡಲ್' ಅನ್ನೋ ಟಿವಿ ಹಾಡಿನ ಸ್ಪರ್ಧೆ ಶುರುವಾಯಿತು. ಮರುವರ್ಷ ಅಮೆರಿಕ, 2003ರಲ್ಲಿ ನಾರ್ವೆಯ ಟಿವಿ 2 ವಾಹಿನಿ, 2004ರಲ್ಲಿ ನಮ್ಮ ಇಂಡಿಯನ್ ಐಡಲ್. ಎಲ್ಲ ಒಂದೇ ಅಚ್ಚಿನ ಬೆಲ್ಲ. ನಾರ್ವೆಯ ಮೊದಲ ಸೀಸನ್ ಗೆದ್ದವರೇ ಕರ್ಟ್. ಗೆದ್ದ ಮೇಲೆ ಹೊರಬಂದ ಸಿಂಗಲ್ 'ಶೀ ಈಸ್ ಸೋ ಹೈ' ಅವರದಲ್ಲ, ಕೆನಡಾದ ಟಾಲ್ ಬಾಕ್‌ಮನ್ 1999ರಲ್ಲಿ ಹಾಡಿದ್ದು. ಹುಡುಗಿ ಎತ್ತರದಲ್ಲಿದ್ದಾಳೆ, ನನ್ನಂಥವನ ಕೈಗೆ ಎಟಕುವವಳಲ್ಲ ಅನ್ನೋ ಹಾಡು. ನಲ್ಲಿ ರಿಪೇರಿ ಮಾಡುವ ಹುಡುಗನ ಬಾಯಲ್ಲಿ ಅದು ಸುಮ್ನೆ ಹಾಡಾಗಿ ಉಳಿಯುತ್ತಾ? ನಾರ್ವೆಯಲ್ಲಿ ನಂಬರ್ ಒನ್ ಆಯಿತು.

ಅದೇ 2003ರ ಡಿಸೆಂಬರಿನಲ್ಲಿ 11 ಕಡೆ ಗೆದ್ದ ಐಡಲ್‌ಗಳನ್ನು ಲಂಡನ್ನಿನಲ್ಲಿ ಒಂದೇ ವೇದಿಕೆಗೆ ತಂದರು. ಅದೇ 'ವರ್ಲ್ಡ್ ಐಡಲ್'. ಅಮೆರಿಕದಿಂದ ಕೆಲ್ಲಿ, ಬ್ರಿಟನ್ನಿನಿಂದ ವಿಲ್ ಯಂಗ್, ಆಸ್ಟ್ರೇಲಿಯಾದಿಂದ ಗೈ ಸೆಬಾಸ್ಟಿಯನ್, ಅರಬ್ ದೇಶಗಳ ಪರವಾಗಿ ಜೋರ್ಡಾನಿನ ಡಯಾನಾ ಕರಜೋನ್. ಪ್ರತಿ ಕಡೆಯಿಂದ ಒಬ್ಬೊಬ್ಬರು ಜಡ್ಜ್. ಮತ ಹಾಕುವವರು ಆಯಾ ಕಡೆಯ ಟಿವಿ ನೋಡುಗರು. ಕೆಲ್ಲಿ ಗೆಲ್ಲುತ್ತಾರೆ ಅಂತಲೇ ಹೆಚ್ಚಿನವರ ಲೆಕ್ಕ.

ಕರ್ಟ್ ಬಂದರು. ಗುಂಡಗಿನ ಮೈ, ಮುಂದಿನ ಹಲ್ಲುಗಳ ನಡುವೆ ದೊಡ್ಡ ಸಂದು. ಹಾಡಿದ್ದು ಯು2 ತಂಡದ 'ಬ್ಯೂಟಿಫುಲ್ ಡೇ'. ಆ ಹಾಡಿನ ಪಲ್ಲವಿ ಮೇಲಕ್ಕೇರುವಾಗ ಬಹಳ ಜನಕ್ಕೆ ಗಂಟಲು ಕೈಕೊಡುತ್ತದೆ. ಇವರ ದನಿ ಸ್ವಲ್ಪ ಒರಟಾಯಿತು, ಸೀಳಲಿಲ್ಲ. ಒಬ್ಬ ಜಡ್ಜ್, ದೇವತೆಯ ಕಂಠ ಆದರೆ ನೋಡೋಕೆ ಹಾಬಿಟ್ ಥರ ಇದ್ದೀಯ ಅಂದುಬಿಟ್ಟರು. ಹಾಬಿಟ್ ಎಂಬ ಕುಳ್ಳರ ಕತೆಯ 'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾಗಳು ಆಗ ಜಗತ್ತಿನಾದ್ಯಂತ ಓಡುತ್ತಿದ್ದವು. 2004ರ ಜನವರಿ 1ರಂದು ಫಲಿತಾಂಶ ಬಂತು. ಕರ್ಟ್ ಮೊದಲು, ಕೆಲ್ಲಿ ಎರಡನೆಯವರು. ಸುದ್ದಿಯಲ್ಲಿ ಹಾಡಿನಷ್ಟೇ ಆ ಹಾಬಿಟ್ ಮಾತೂ ಓಡಿತು, ಇಂದಿಗೂ ಓಡುತ್ತಿದೆ.

ಇಲ್ಲಿಂದ ಮುಂದಿನದ್ದೇ ಸಿಕ್ಕು. ವರ್ಲ್ಡ್ ಐಡಲ್ ಎರಡನೇ ಸಲ ನಡೆಯಲೇ ಇಲ್ಲ. ಪಟ್ಟವನ್ನೇನೋ ಕಟ್ಟಿದರು, ಪಟ್ಟಕ್ಕೊಂದು ರಾಜ್ಯ ಬೇಕಲ್ವಾ? ಆ ಮುಖವನ್ನು ಹೊರಗೆ ಹೇಗೆ ಮಾರುವುದು ಅಂತ ಯಾರಿಗೂ ತೋಚಿದಂತೆ ಕಾಣಲಿಲ್ಲ. ಅದೇ 2004ರ ಕೊನೆಗೆ ಕೆಲ್ಲಿ 'ಸಿನ್ಸ್ ಯು ಬೀನ್ ಗಾನ್' ಹಾಡಿ ಬೇರೆಯೇ ಎತ್ತರಕ್ಕೆ ಹೋದರು. ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್. ನಾರ್ವೆಯ ಪಕ್ಕದ ಮನೆಯ ಹಾಡು ಸೋತವರ ಪಾಲಿಗೆ ಹೋಯಿತು.

ಇದೊಂದೇ ಅಲ್ಲ. 2006ರಲ್ಲಿ ಕರ್ಟ್, ಎಸ್ಪೆನ್ ಲಿಂಡ್, ಆಸ್ಕಿಲ್ ಹೋಲ್ಮ್, ಅಲೆಹಾಂದ್ರೊ ಫುಯೆಂತೆಸ್ ಅನ್ನೋ ನಾರ್ವೆಯ ನಾಲ್ವರು ಹಾಡುಗಾರರು ಗಿಟಾರ್ ಹಿಡಿದು ಲೆನಾರ್ಡ್ ಕೊಹೆನ್‌ರ 'ಹಲ್ಲೆಲೂಯಾ' ಹಾಡಿದರು. ಒಬ್ಬೊಬ್ಬರಿಗೆ ಒಂದೊಂದು ಚರಣ, ಕೊನೆಗೆ ನಾಲ್ಕೂ ದನಿ ಒಟ್ಟಿಗೆ. ನಾರ್ವೆ ಹುಚ್ಚೆದ್ದು ಕೇಳಿತು. ಅದೇ ವರ್ಷ ಬಿಯಾನ್ಸೆಯ 'ಇರ್‌ರಿಪ್ಲೇಸಬಲ್' ಅಮೆರಿಕದ ಪಟ್ಟಿಯಲ್ಲಿ ತುದಿಗೇರಿ 10 ವಾರ ಕೂತಿತು. ಅದನ್ನು ಬರೆದವರಲ್ಲಿ ಇದೇ ಎಸ್ಪೆನ್ ಲಿಂಡ್ ಇದ್ದರು, ನಾರ್ವೆಯದೇ ಟ್ರಾನ್‌ಹೈಮ್ ಊರಿನ, ಹಾಡು ಕಟ್ಟುವ ಸ್ಟಾರ್‌ಗೇಟ್ ಜೋಡಿಯೂ ಇತ್ತು. ಅಂದರೆ ನಾರ್ವೆಯ ಹಾಡು ಆಗ ಅಮೆರಿಕಕ್ಕೆ ಹಿತ್ತಲ ಬಾಗಿಲಿಂದ ಹೋಗುತ್ತಿತ್ತು. ಬರೆಯುವವರು ನಾರ್ವೆಯವರು, ಪೋಸ್ಟರಿನಲ್ಲಿ ಮುಖ ಬೇರೆಯವರದು. ಕರ್ಟ್ ಬಂಡವಾಳ ಅವರ ಕಂಠ. ಅದನ್ನು ಹಿತ್ತಲಿಂದ ಸಾಗಿಸೋಕೆ ಆಗಲ್ಲ.

ಅವರು ಊರಲ್ಲೇ ಹಾಡುತ್ತಾ ಹೋದರು. 2008ರಲ್ಲಿ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳತ್ತ ತಿರುಗಿ, ಆ ಹಾಡಿನ ಹಿರಿಯ ವಿಲ್ಲಿ ನೆಲ್ಸನ್ ಜೊತೆ ಯುಗಳ ಗೀತೆ. ನನ್ನ ಕಿವಿಗೆ ಅವರ ದನಿ ಸರಿಯಾಗಿ ಕೂತಿದ್ದು ಅಲ್ಲೇ, ಪಾಪ್‌ನಲ್ಲಿ ಅಲ್ಲ. 2010ರಲ್ಲಿ ನಾರ್ವೆಯ ರೇಡಿಯೊ ಆರ್ಕೆಸ್ಟ್ರಾ ಜೊತೆ ಕ್ರಿಸ್‌ಮಸ್ ಆಲ್ಬಂ. 2013ರಲ್ಲಿ ಕೊನೆಗೂ ನಾರ್ವೇಜಿಯನ್ ಭಾಷೆಯಲ್ಲೇ ಒಂದು ಆಲ್ಬಂ, ಐಡಲ್ ಗೆದ್ದು ಹತ್ತು ವರ್ಷವಾದ ಮೇಲೆ.

ಆಗಿನ ನಾರ್ವೆಯ ಇಡೀ ಜನಸಂಖ್ಯೆ ಸುಮಾರು 50 ಲಕ್ಷ, ನಮ್ಮ ಬೆಂಗಳೂರಿಗಿಂತ ಕಡಿಮೆ. ಅಷ್ಟು ಜನರ ನಡುವೆ ಒಬ್ಬ ಹಾಡುಗಾರನ ಹೊಟ್ಟೆ ತುಂಬುತ್ತಾ ಅಂತ ಅನುಮಾನ ಬರಬಹುದು. ಅಲ್ಲಿ ಡಿಸೆಂಬರ್ ಅಂದರೆ ಕ್ರಿಸ್‌ಮಸ್ ಕಛೇರಿಗಳ ತಿಂಗಳು, ಊರೂರಿನ ಚರ್ಚುಗಳಲ್ಲಿ. ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಕರ್ಟ್ ನಿಲ್ಸನ್‌ಗೆ ಕೈತುಂಬ ಕೆಲಸ ಇರುವುದು ಆಗಲೇ.