ಪದ ಪರಿಚಯ: ಹೈಬ್ರಿಡ್ ಗೇಮ್

ಒಂದೇ ಕಥೆಯೊಳಗೆ ಆಡುವ ಬಗೆಯೇ ನಡುನಡುವೆ ಬದಲಾಗುವ ವಿಡಿಯೋ ಗೇಮ್‌ಗೆ ಹೈಬ್ರಿಡ್ ಗೇಮ್ ಎನ್ನುತ್ತಾರೆ. ಈಗಷ್ಟೇ ಕತ್ತಿ ಬೀಸುತ್ತಿದ್ದವರು ಮುಂದಿನ ಹಂತದಲ್ಲಿ ಊರು ಕಟ್ಟುತ್ತಿರಬಹುದು, ಟ್ಯಾಂಕ್ ಓಡಿಸುತ್ತಿದ್ದವರು ಇಳಿದು ಗುಹೆ ಹೊಕ್ಕಬಹುದು.

ತೊಂಬತ್ತರ ದಶಕದಲ್ಲಿ ಶಿರಸಿ, ಕಾರವಾರದ ಮನೆಗಳಲ್ಲಿ ಟಿವಿಗೆ ಜೋಡಿಸುತ್ತಿದ್ದ ಅಗ್ಗದ ವಿಡಿಯೋ ಗೇಮ್‌ನ ‘9999 ಇನ್ 1’ ಕ್ಯಾಸೆಟ್ ಅನೇಕರಿಗೆ ನೆನಪಿರಬಹುದು. ಅದು ಹೈಬ್ರಿಡ್ ಅಲ್ಲ. ಬೆರಳೆಣಿಕೆಯ ಆಟಗಳನ್ನೇ ಹೆಸರು ಬದಲಿಸಿ ಪಟ್ಟಿ ಉದ್ದ ಮಾಡಿದ ವ್ಯಾಪಾರ ಅದು. ಅಲ್ಲಿ ಒಂದು ಆಟಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ನಮ್ಮ ಕಡೆಯ ಮಕ್ಕಳು ಹೈಬ್ರಿಡ್‌ನ ರುಚಿ ಕಂಡದ್ದು ‘ಕಾಂಟ್ರಾ’ದಲ್ಲಿ. ಕೊನಾಮಿ ಕಂಪನಿಯ ಈ ಆಟ 1987ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರವಾದ ಆರ್ಕೇಡ್‌ಗೂ 1988ರಲ್ಲಿ ಮನೆಯ ಟಿವಿಗೆ ಜೋಡಿಸುವ ಕನ್ಸೋಲ್‌ಗೂ ಬಂತು. ಮೊದಲ ಹಂತದಲ್ಲಿ ಕಾಡಿನೊಳಗೆ ಎಡದಿಂದ ಬಲಕ್ಕೆ ಓಟ. ಎರಡನೆಯದರಲ್ಲಿ ದೃಶ್ಯ ತಟ್ಟನೆ ಯೋಧನ ಬೆನ್ನ ಹಿಂದಕ್ಕೆ ಸರಿಯುತ್ತದೆ. ಎದುರಿಗಿನ ಗೋಡೆಯನ್ನು ಒಡೆಯುವ ಮುನ್ನ ಮುಂದಡಿಯಿಟ್ಟರೆ ವಿದ್ಯುತ್ ಆಘಾತ. ಮೂರನೆಯದು ಜಲಪಾತ, ಬಂಡೆಯಿಂದ ಬಂಡೆಗೆ ಮೇಲೇರಬೇಕು. ಇಬ್ಬರು ಆಡುವಾಗ ಒಬ್ಬ ಬೇಗ ಹತ್ತಿದರೆ ಪರದೆಯೂ ಮೇಲೆ ಸರಿದು, ಕೆಳಗುಳಿದವನು ಶತ್ರುವಿನ ಗುಂಡಿಲ್ಲದೆಯೇ ಸಾಯುತ್ತಾನೆ. ಅಣ್ಣತಮ್ಮಂದಿರ ಎಷ್ಟು ಜಗಳಗಳಿಗೆ ಈ ಹಂತ ಕಾರಣವೋ! ಆದರೂ ಕಾಂಟ್ರಾ ಅರೆ ಹೈಬ್ರಿಡ್ ಮಾತ್ರ. ನೋಟ ಬದಲಾದರೂ ಕೈಗೆ ಕೊನೆಯತನಕ ಒಂದೇ ಕೆಲಸ, ಗುಂಡು ಹಾರಿಸುವುದು.

ಪೂರ್ಣ ಹೈಬ್ರಿಡ್ ನೋಡಬೇಕಾದರೆ ‘ಆಕ್ಟ್‌ರೈಸರ್’ ಆಡಬೇಕು. ಕ್ವಿಂಟೆಟ್ ಸಂಸ್ಥೆ ರೂಪಿಸಿ, 1990ರಲ್ಲಿ ಎನಿಕ್ಸ್ ಜಪಾನಿನಲ್ಲಿ ಸೂಪರ್ ನಿಂಟೆಂಡೊ ಪೀಳಿಗೆಯ ಕನ್ಸೋಲ್‌ಗೆ ಹೊರತಂದ ಆಟ ಇದು. ಆ ಕನ್ಸೋಲ್ ನಮ್ಮ ಕಡೆ ಅಪರೂಪ. ಆಡಿದವರು ಹೆಚ್ಚಾಗಿ ಮುಂದೆ ಕನ್ಸೋಲನ್ನು ಅನುಕರಿಸುವ ಕಂಪ್ಯೂಟರ್ ತಂತ್ರಾಂಶವಾದ ಎಮ್ಯುಲೇಟರ್‌ನಲ್ಲಿ ಆಡಿದವರು. ಇಲ್ಲಿ ಆಟಗಾರನೇ ದೇವರು. ಆರು ಸೀಮೆಗಳಲ್ಲಿ ಪ್ರತಿಯೊಂದರಲ್ಲೂ ಮೊದಲು ಪ್ರತಿಮೆಗೆ ಜೀವ ತುಂಬಿ, ಕತ್ತಿ ಹಿಡಿದು ರಾಕ್ಷಸರನ್ನು ಕಡಿಯಬೇಕು. ಆಮೇಲೆ ಆಕಾಶದಿಂದ ಊರು ಕಟ್ಟಿಸುವ ಕೆಲಸ: ಜನ ಯಾವ ಕಡೆ ರಸ್ತೆ ಹಾಕಬೇಕೆಂದು ತೋರಿಸುವುದು, ಸಿಡಿಲು ಕೆಡವಿ ಪೊದೆ ಸುಡುವುದು, ಮಳೆ ಸುರಿಸುವುದು, ಪುಟ್ಟ ದೇವದೂತನ ಬಾಣದಿಂದ ಹಾರುವ ಪಿಶಾಚಿಗಳನ್ನು ಹೊಡೆಯುವುದು. ಊರು ನೆಲೆಗೊಂಡ ಮೇಲೆ ಮತ್ತೆ ಕತ್ತಿ.

ಎರಡೂ ಭಾಗಗಳನ್ನು ಹೊಲಿಯುವ ದಾರ ಜನಸಂಖ್ಯೆ. ಜನ ಹೆಚ್ಚಿದಂತೆ ದೇವರ ಮಟ್ಟ ಏರುತ್ತದೆ, ಮುಂದಿನ ಕಾಳಗದಲ್ಲಿ ಏಟು ತಡೆಯುವ ಶಕ್ತಿಯೂ ಬೆಳೆಯುತ್ತದೆ. ಹಾಗಾಗಿ ಪಳಗಿದ ಆಟಗಾರರು ತಾವೇ ಭೂಕಂಪ ತರಿಸಿ ಹಳೆಯ ಗುಡಿಸಲುಗಳನ್ನು ಕೆಡವುವುದುಂಟು. ಜನ ಮತ್ತೆ ಕಟ್ಟುವಾಗ ಹೆಚ್ಚು ಮಂದಿ ಹಿಡಿಸುವ ಮನೆಗಳನ್ನೇ ಕಟ್ಟುತ್ತಾರೆ. ದೇವರ ಕರುಣೆಯ ಬಗ್ಗೆ ಇದು ಏನು ಹೇಳುತ್ತದೋ, ಲೆಕ್ಕವಂತೂ ಸರಿಯಾಗಿದೆ.

ಹೈಬ್ರಿಡ್ ಹೌದೋ ಅಲ್ಲವೋ ಎಂದು ತೂಗಲು ನನ್ನ ಅಳತೆಯೂ ಇದೇ: ಒಂದು ಭಾಗದಲ್ಲಿ ದುಡಿದದ್ದು ಇನ್ನೊಂದರಲ್ಲಿ ಕೈಗೆ ಬರಬೇಕು. ಯಕ್ಷಗಾನದಲ್ಲಿ ಭಾಗವತರ ಪದ ಮುಗಿದೊಡನೆ ವೇಷಧಾರಿ ಅದೇ ಎಳೆಯನ್ನು ಎತ್ತಿಕೊಂಡು ಅರ್ಥ ಹೇಳುತ್ತಾನಲ್ಲ, ಹಾಗೆ. ಸನ್‌ಸಾಫ್ಟ್‌ನ ‘ಬ್ಲಾಸ್ಟರ್ ಮಾಸ್ಟರ್’ (1988) ಈ ಅಳತೆಯಲ್ಲಿ ಗೆಲ್ಲುತ್ತದೆ. ಅಲ್ಲಿ ಕಾಲ್ನಡಿಗೆಯಲ್ಲಿ ಗುಹೆ ಹೊಕ್ಕು ದೈತ್ಯನನ್ನು ಸೋಲಿಸಿದರೆ, ಹೊರಗೆ ನಿಂತ ಟ್ಯಾಂಕ್‌ಗೆ ಹಾರುವ, ಗೋಡೆ ಹತ್ತುವಂತಹ ಹೊಸ ಸಾಮರ್ಥ್ಯ ಸಿಗುತ್ತದೆ.

ಇಂತಹ ಆಟಗಳು ಎಂಬತ್ತರ ದಶಕದ ಕೊನೆಗೆ ಹೆಚ್ಚಿದ್ದಕ್ಕೆ ಕ್ಯಾಸೆಟ್‌ನೊಳಗಿನ ಜಾಗವೂ ಒಂದು ಕಾರಣ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ 40 ಕಿಲೋಬೈಟ್‌ನಲ್ಲಿ ಮುಗಿದಿತ್ತು. ಮೆಮೊರಿಯ ತುಣುಕುಗಳನ್ನು ಸರದಿಯಂತೆ ಪ್ರೊಸೆಸರ್‌ನ ಮುಂದೊಡ್ಡುವ ಚಿಪ್‌ಗಳು ಕ್ಯಾಸೆಟ್ ಸೇರಿದ ಮೇಲೆ ಕಾಂಟ್ರಾ 128 ಕಿಲೋಬೈಟ್ ತುಂಬಿತು. ಆಕ್ಟ್‌ರೈಸರ್‌ಗೆ ಒಂದು ಮೆಗಾಬೈಟ್ ಸಿಕ್ಕಿತ್ತು.

1993ರ ‘ಆಕ್ಟ್‌ರೈಸರ್ 2’ರಲ್ಲಿ ಊರು ಕಟ್ಟುವ ಭಾಗವನ್ನೇ ಕಿತ್ತುಹಾಕಿದರು. ಚಿತ್ರಗಳು ಅಂದವಾಗಿವೆ, ಕತ್ತಿಯಾಟ ಕಠಿಣ, ಆದರೆ ಅದನ್ನು ಹೈಬ್ರಿಡ್ ಎನ್ನಲು ಬರುವುದಿಲ್ಲ. 2021ರಲ್ಲಿ ಮೊಬೈಲ್‌ಗೂ ಬಂದ ಮೊದಲ ಆಟದ ಹೊಸ ಆವೃತ್ತಿಯಲ್ಲಿ ಊರು ಮರಳಿದೆ. ಜೊತೆಗೆ ಕೋಟೆ ಕಟ್ಟಿ ಶತ್ರುಗಳನ್ನು ತಡೆಯುವ ಮೂರನೆಯ ಬಗೆಯೂ ಸೇರಿದೆ. ಆ ಮೂರನೆಯದು ನನಗೆ ತುಸು ಉದ್ದವೆನಿಸಿತು.